ಅಟ್ಟದ ಪ್ಲೇಟಿಗೆ ಯಾವ ಮುಳ್ಳು?

ಸಿ.ಡಿ., ಮೊಬೈಲು ಎಲ್ಲ ಆದ ಮೇಲೆ ಈಗ ಮತ್ತೆ ಟರ್ನ್‌ಟೇಬಲ್ ಕೊಳ್ಳುವವರಿದ್ದಾರೆ. ಸಂತೋಷ. ಆದರೆ ಹೆಗ್ಗದ್ದೆಯಂಥ ಮಲೆನಾಡ ಊರಿನ ಅಟ್ಟದಲ್ಲಿ ಅಜ್ಜನ ಕಾಲದ ಪ್ಲೇಟು ಸಿಕ್ಕರೆ ಅವಸರ ಬೇಡ. 1948ರಲ್ಲಿ ಬಂದ ಎಲ್.ಪಿ. ವಿನೈಲಿನದು. ಅದಕ್ಕೂ ಹಿಂದಿನ 78 ಸುತ್ತಿನ ಪ್ಲೇಟು ಬಹುಮಟ್ಟಿಗೆ ಅರಗಿನದು, ಗೀರು ಅಗಲ. ಎಲ್.ಪಿ.ಯ ಸಣ್ಣ ಮುಳ್ಳು ಅದರ ತಳಕ್ಕಿಳಿದು ಕೆರೆಯುತ್ತದೆ. ಮಳೆಗಾಲದ ಬೂಷ್ಟು ಒರೆಸಲು ಸ್ಪಿರಿಟ್ ಹಚ್ಚಿದಿರೋ, ಅರಗೇ ಕರಗುತ್ತದೆ.

ಹೋಗುವುದು ಬರೀ ಪ್ಲೇಟಲ್ಲ. ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಎಚ್.ಎಂ.ವಿ.ಗೆ ಹಾಡಿದ್ದರು. ಆಗ ಅವರದು ತೆಳು ದನಿ. ಗಂಟಲ ಚಿಕಿತ್ಸೆಯ ಬಳಿಕ ಕೇಳುಗರೆಲ್ಲ ಬಲ್ಲ ಗಡಸು ದನಿಯಾಯಿತು. ಆ ಮೊದಲ ಕಂಠವನ್ನು ಹಿಡಿದಿಟ್ಟದ್ದು ಮಗ್ಗುಲಿಗೆ ಮೂರು ನಿಮಿಷದ ಇಂಥ ಪ್ಲೇಟುಗಳೇ.

78ರ ಮುಳ್ಳು ಬೇರೆಯೇ ಸಿಗುತ್ತದೆ. ಹೊಸ ಯಂತ್ರಗಳು ಹಲವು 33, 45ರಲ್ಲಷ್ಟೇ ತಿರುಗುತ್ತವೆ, ವಿಚಾರಿಸಿಯೇ ಕೊಳ್ಳಿ.