ಅವ್ವ ಕೇಳಿಸಿಕೊಂಡ ನಾದಿರಾ

ಕಥೆ-ಕಾದಂಬರಿಗಳಿಂದ ಮುರಿದ ಮನಸ್ಸುಗಳು ಕೂಡುತ್ತವೆಯೇ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಅಮ್ಮಿನಬಾವಿಯ ನಮ್ಮ ಮನೆಯ ಪಡಸಾಲೆ. ನಮ್ಮವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೆ ಅವಳ ಕಿವಿಯನ್ನು ಧಾರವಾಡ ಆಕಾಶವಾಣಿ ಹದ ಮಾಡಿತ್ತು. ರೊಟ್ಟಿ ಬಡಿಯುವಾಗಲೂ ರೇಡಿಯೋ ನಾಟಕದ ಒಂದು ಮಾತನ್ನೂ ಬಿಡುತ್ತಿರಲಿಲ್ಲ. ಒಂದು ಮಳೆಗಾಲ, ದಿನಕ್ಕೆ ಹತ್ತು ಪುಟದಂತೆ, ಅವಳಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿ ಹೇಳಿದೆ.

ಸಾರಾ 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು, 2023ರಲ್ಲಿ ತೀರಿಕೊಂಡರು. ಈ ಕಾದಂಬರಿ ಮೊದಲು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ಕಥೆ ಚಿಕ್ಕದು. ನಾದಿರಾ ಮತ್ತು ಅವಳ ಗಂಡನ ನಡುವೆ ಜಗಳವೇ ಇಲ್ಲ. ಅವಳ ಅಪ್ಪನ ಹಟ ಅವರನ್ನು ಬೇರೆ ಮಾಡುತ್ತದೆ. ಮತ್ತೆ ಕೂಡಬೇಕೆಂದಾಗ, ಬೇರೊಬ್ಬನನ್ನು ಮದುವೆಯಾಗಿ ಅವನಿಂದ ತಲಾಖ್ ಪಡೆದು ಬರಬೇಕೆಂಬ ಕಟ್ಟಳೆ ಅಡ್ಡ ನಿಲ್ಲುತ್ತದೆ. ಕೊನೆಗೆ ಅವಳನ್ನು ಮಸೀದಿಯ ಕೊಳ ನುಂಗುತ್ತದೆ.

ಸಂಧಾನ ಸೋತ ಕಥೆಯಲ್ಲಿ ಭರವಸೆ ಎಲ್ಲಿದೆ? ಸಾರಾ ಅವರ ಕಲೆಯ ದೊಡ್ಡತನ ನನಗೆ ಕಾಣುವುದು ಇಲ್ಲಿಯೇ. ಅವರು ಭಾಷಣ ಮಾಡುವುದಿಲ್ಲ, ಮಾತನ್ನು ಸಿಂಗರಿಸುವುದಿಲ್ಲ. ಹಿರಿಯರೆಲ್ಲ ನಾದಿರಾಳ ಬಾಳನ್ನು ಸರಿಪಡಿಸಲು ಓಡಾಡುತ್ತಾರೆ, ಅವಳು ಒಳಗಿನ ಕೋಣೆಯಲ್ಲಿ ಇರುತ್ತಾಳೆ. ಓದುವವರನ್ನು ಸಾರಾ ಕೂರಿಸುವುದು ಆ ಕೋಣೆಯೊಳಗೆ.

ಕೊನೆಯ ಪುಟ ಮುಗಿದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: "ಎಲ್ಲಾರೂ ಕೂಡಿ ನ್ಯಾಯಾ ಮಾಡಿದ್ರು. ಆ ಹುಡುಗಿನ್ನ ಒಂದ್ ಮಾತ್ ಯಾರರೆ ಕೇಳಿದ್ರೇನು?" ಲಿಂಗಾಯತರ ಮನೆಯ ಅವ್ವ, ಕಾಸರಗೋಡು ಎಲ್ಲಿದೆ ಎಂದು ಅರಿಯದವಳು. 'ಅವರ ಮಂದಿಯೊಳಗ ಹಿಂಗ ಇರ್ತದ' ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಅವಳಿಗೆ ಕಂಡದ್ದು ನಮ್ಮದೇ ಓಣಿಯ ಹೆಣ್ಣುಮಕ್ಕಳು.

ಆಗ ಅವಳಿಗೂ ಅವಳ ನೆಗೆಣ್ಣಿಗೂ, ಅಂದರೆ ನಮ್ಮ ಚಿಗವ್ವನಿಗೂ, ಮಾತು ನಿಂತು ಆರು ವರ್ಷವಾಗಿತ್ತು. ಹೊಲದ ಬದುವಿನ ತಂಟೆ. ಪಂಚರು ಕೂತು ಬದು ಅಳೆದು ರಾಜಿ ಮಾಡಿಸಿದ್ದರು; ಹೆಂಗಸರನ್ನು ಕೇಳಿರಲಿಲ್ಲ. ಆ ವರ್ಷ ದಸರೆಗೆ ಅವ್ವ ಬನ್ನಿ ಹಿಡಿದುಕೊಂಡು ಚಿಗವ್ವನ ಹೊಸ್ತಿಲು ತುಳಿದಳು. ಬಂಗಾರದಂಗ ಇರೂಣು ಅನ್ನುವ ಮೊದಲು ಹೇಳಿದ್ದು ಇದು: "ಅವತ್ತ ನಿನಗ ಏನ್ ಅನಿಸಿತ್ತಂತ ನಾ ಕೇಳಲೇ ಇಲ್ಲ. ಈಗ ಹೇಳವಾ." ಚಿಗವ್ವ ಅಂದು ಏನೂ ಹೇಳಲಿಲ್ಲ. ಚಹಾ ಮಾಡಿ ಕೊಟ್ಟಳು. ಮನಸ್ಸು ಬಿಚ್ಚಿ ಮಾತಾಡಿದ್ದು ದೀಪಾವಳಿಗೆ.

ಮನೆಯ ಜಗಳಕ್ಕೆ ಸರಿ, ದೇಶದ ಗಾಯಕ್ಕೆ ಕಾದಂಬರಿ ಸಾಕೇ ಎನ್ನುವವರು ಬೊಳುವಾರು ಮಹಮದ್ ಕುಂಞಿ ಅವರ 'ಸ್ವಾತಂತ್ರ್ಯದ ಓಟ'ವನ್ನು ಕೈಗೆತ್ತಿಕೊಳ್ಳಬೇಕು. ದೇಶವಿಭಜನೆಯ ಹಿಂಸೆಯಲ್ಲಿ ನೆಲೆ ಕಳೆದುಕೊಂಡ ಜೀವವೊಂದು ದೂರದಿಂದ ಕರಾವಳಿಯ ಮುತ್ತುಪ್ಪಾಡಿ ಎಂಬ ಊರಿಗೆ ಬಂದು ಬೇರು ಬಿಡುವ ಈ ಬೃಹತ್ ಕಥೆಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದಾಗ ನಾನು ಅವ್ವನನ್ನು ನೆನೆದೆ. ಕನ್ನಡದ ಮುಸ್ಲಿಂ ಮನೆಗಳ ಒಳಕೋಣೆಯ ಮಾತನ್ನು ಈಗ ಜಗತ್ತು ಕೇಳುತ್ತಿದೆ. ಪಕ್ಕದ ಓಣಿಯ ನಾವು ಕೇಳದಿದ್ದರೆ ಹೇಗೆ?

ಈ ವಾರ ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ, ನಿಮ್ಮದಲ್ಲದ ಓಣಿಯ ಕಥೆಯಿರುವ ಒಂದು ಪುಸ್ತಕ ಕೇಳಿ ತನ್ನಿ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ದಿನಕ್ಕೆ ಹತ್ತು ಪುಟ, ದನಿಯೆತ್ತಿ ಓದಿ ಹೇಳಿ.