ಬೆರಳು, ಬುರುಜು ಮತ್ತು ಮಸೂರ

ನಮ್ಮ ದೇವನಹಳ್ಳಿ ಕೋಟೆಯ ಬುರುಜಿನೆದುರು ನಿಂತು ಹೆಬ್ಬೆರಳು ಹಿಡಿಯಿರಿ. ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಅತ್ತಿತ್ತ ಜಿಗಿಯುತ್ತದೆ. ಎರಡು ಕಣ್ಣಿಗೆ ಎರಡು ಚಿತ್ರ. ಮಿದುಳು ಅವನ್ನು ಬೆಸೆದು ಆಳ ಕಾಣಿಸುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಎರಡು ಕನ್ನಡಿಗಳಿಂದ ತೋರಿಸಿದ್ದೂ ಇದನ್ನೇ. ಇಂದಿನ ವರ್ಚುಯಲ್ ರಿಯಾಲಿಟಿ ಹೆಡ್‌ಸೆಟ್ಟಿನ ಬಂಡವಾಳವೂ ಇಷ್ಟೇ ಎನ್ನಿ!

ಅದರ ಪರದೆ ಕಣ್ಣಿಗೆ ತೀರ ಹತ್ತಿರ, ಬರಿಗಣ್ಣಿಗೆ ಮಸುಕು. ಭೂತಗನ್ನಡಿಯಂಥ ಮಸೂರ ಬಿಂಬವನ್ನು ಒಂದೆರಡು ಮೀಟರ್ ಆಚೆಗೆ ತಳ್ಳುತ್ತದೆ. ತಕರಾರು ಇಲ್ಲಿಂದಲೇ ಶುರು. ಚಿತ್ರದೊಳಗಿನ ವಸ್ತು ಹತ್ತಿರ ಬಂದಾಗ ಕಣ್ಣುಗಳೆರಡೂ ಮೂಗಿನತ್ತ ತಿರುಗುತ್ತವೆ. ಕಣ್ಣೊಳಗಿನ ಮಸೂರ ಮಾತ್ರ ಆ ದೂರದ ಬಿಂಬಕ್ಕೇ ಅಂಟಿರಬೇಕು. ಹಸುಳೆತನದಿಂದ ಜೋಡೆತ್ತಿನಂತೆ ನಡೆದ ಕೆಲಸಗಳು ಬೇರೆಯಾದಾಗ ಕಣ್ಣು ದಣಿಯುತ್ತದೆ, ಕೆಲವರಿಗೆ ತಲೆನೋವೂ ಬರುತ್ತದೆ.

ನಿಮ್ಮ ಹೆಬ್ಬೆರಳಿಗೆ ಈ ಗೊಂದಲವಿಲ್ಲ. ಅದನ್ನು ದಿಟ್ಟಿಸಿದರೆ ಬುರುಜು ಮಸುಕು, ಬುರುಜನ್ನು ದಿಟ್ಟಿಸಿದರೆ ಬೆರಳು ಮಸುಕು.