ದಾರಿತಪ್ಪಿದ ಬಾಲಕರೂ ಹಿರಿಯರ ಸಂಗವೂ



ಶಾಲೆಯನ್ನು ತಪ್ಪಿಸಿ ಅಲೆಯುವ, ಮಾತಿಗೆ ಮುಂಚೆ ಕೈಮಾಡುವ, ಸಣ್ಣಪುಟ್ಟ ಕಳವಿಗೆ ತೊಡಗಿದ ಹುಡುಗನನ್ನು ಕಂಡರೆ ನಮ್ಮ ಜನಕ್ಕೆ ಎರಡೇ ಉಪಾಯಗಳು ತೋರುವುವು: ಬೆತ್ತ, ಇಲ್ಲವೆ ಮಠದ ಪ್ರಸಾದನಿಲಯ. "ಅಲ್ಲಿಗೆ ಸೇರಿಸಿರಿ, ಸರಿಹೋಗುವನು" ಎನ್ನುವರು. ಪ್ರಸಾದನಿಲಯಗಳು ನಾಡಿಗೆ ಮಾಡಿರುವ ಉಪಕಾರವು ಅಳತೆಗೆ ಮೀರಿದುದು. ಆದರೆ ಅನ್ನವನ್ನು ಸಾವಿರ ಮಂದಿಗೆ ಒಂದೇ ಪಂಕ್ತಿಯಲ್ಲಿ ಬಡಿಸಬಹುದು. ಕೆಟ್ಟುನಿಂತ ಹುಡುಗನ ಮಾತನ್ನು ಒಬ್ಬನೇ ಕುಳಿತು ಕೇಳಬೇಕಾಗುವುದು.

1904ರಲ್ಲಿ ನ್ಯೂಯಾರ್ಕಿನ ಬಾಲನ್ಯಾಯಾಲಯದ ಗುಮಾಸ್ತನಾದ ಅರ್ನೆಸ್ಟ್ ಕೌಲ್ಟರನು ಒಂದು ಸಭೆಯಲ್ಲಿ ಎದ್ದುನಿಂತು, ನ್ಯಾಯಾಲಯಕ್ಕೆ ಬರುವ ಒಬ್ಬೊಬ್ಬ ಹುಡುಗನಿಗೂ ಒಬ್ಬೊಬ್ಬ ಸದ್ಗೃಹಸ್ಥನು ಅಣ್ಣನಾಗಬೇಕೆಂದು ಬೇಡಿಕೊಂಡನು. ಸುಮಾರು 40 ಮಂದಿ ಒಪ್ಪಿ ಮುಂದೆ ಬಂದರು. ಅಲ್ಲಿಯ 'ಹಿರಿಯಣ್ಣ'ರ ಸಂಸ್ಥೆಯು ಬೆಳೆದುದು ಹೀಗೆ.

ಇಂತಹ ಕಾರ್ಯದ ಫಲವು ತಾನಾಗಿಯೇ ಒಳ್ಳೆಯದಾಗುವುದೆಂದು ನಂಬುವವರು ಮುಂದಿನ ವೃತ್ತಾಂತವನ್ನು ಕೇಳಬೇಕು. ಅದೇ ದೇಶದ ಮಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್, ಸಾಮರ್‌ವಿಲ್ ಎಂಬ ಊರುಗಳಲ್ಲಿ ವೈದ್ಯ ರಿಚರ್ಡ್ ಕ್ಯಾಬಟ್ಟನು ಯೋಜಿಸಿದಂತೆ 506 ಬಾಲಕರನ್ನು ಸರಿಸಮ ಜೋಡಿಗಳಾಗಿ ವಿಂಗಡಿಸಿ, ಜೋಡಿಯಲ್ಲೊಬ್ಬನಿಗೆ ಮಾರ್ಗದರ್ಶಕನನ್ನು ಗೊತ್ತುಪಡಿಸಿದರು. ಮತ್ತೊಬ್ಬನನ್ನು ಅವನ ಪಾಡಿಗೆ ಬಿಟ್ಟರು. 1939ರಿಂದ 1945ರವರೆಗೆ ಮನೆಭೇಟಿ, ಪಾಠ, ಔಷಧೋಪಚಾರ, ಬೇಸಗೆಯ ಶಿಬಿರ ಎಲ್ಲವೂ ನಡೆದುವು. ಮೂವತ್ತು ವರುಷಗಳು ಕಳೆದ ಮೇಲೆ ಜೋನ್ ಮೆಕಾರ್ಡ್ ಎಂಬ ವಿದುಷಿಯು ಅವರನ್ನೆಲ್ಲ ಅರಸಿ ವಿಚಾರಿಸಿ 1978ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೆರವು ಪಡೆದವರಲ್ಲಿ ಹೆಚ್ಚಿನವರು ತಮಗೆ ಉಪಕಾರವಾಯಿತೆಂದೇ ಹೇಳಿದರು. ಆದರೂ ಮರಳಿ ಅಪರಾಧಕ್ಕಿಳಿದವರೂ ಕುಡಿತಕ್ಕೆ ಬಿದ್ದವರೂ ಅವರ ಪಾಲಿನಲ್ಲಿಯೇ ಅಧಿಕ! ಶಿಬಿರಕ್ಕೆ ಮೇಲಿಂದ ಮೇಲೆ ಹೋದವರ ಗತಿಯು ಮತ್ತೂ ಕೆಟ್ಟಿತ್ತೆಂದು ಅವರೇ ಮುಂದೆ ತೋರಿಸಿದರು. ತುಂಟರನ್ನೆಲ್ಲ ಒಂದೆಡೆ ಕೂಡಿಹಾಕಿದರೆ ಒಬ್ಬನ ಪುಂಡಾಟವನ್ನು ಮತ್ತೊಬ್ಬನು ಮೆಚ್ಚುವನಷ್ಟೆ.

ಹಿರಿಯಣ್ಣರ ಸಂಸ್ಥೆಯ ಮಕ್ಕಳನ್ನು ಕುರಿತು 2002ರಲ್ಲಿ ಹೊರಬಿದ್ದ ಪರಿಶೀಲನೆಯೊಂದು ಇನ್ನೊಂದು ಸಂಗತಿಯನ್ನು ತಿಳಿಸಿತು. ವರುಷಕ್ಕೆ ಮಿಕ್ಕಿ ಉಳಿದ ಸ್ನೇಹದಿಂದ ಹೆಚ್ಚಿನ ಹಿತವಾಯಿತು. ಮೂರು ತಿಂಗಳೊಳಗೆ ಕಡಿದ ಸ್ನೇಹದಿಂದ ಮಗುವಿನ ಆತ್ಮಗೌರವವು ಮೊದಲಿಗಿಂತಲೂ ಕುಂದಿತು. ತಂದೆಯಿಂದಲೋ ಊರಿನಿಂದಲೋ ಒಮ್ಮೆ ತೊರೆಯಲ್ಪಟ್ಟ ಹುಡುಗನನ್ನು ಎರಡನೆಯ ಸಲ ತೊರೆದಂತಾಗುವುದಲ್ಲವೆ!

ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯಲ್ಲಿಯೂ ತಪ್ಪುಮಾಡಿದ ಬಾಲಕನನ್ನು ಸನ್ನಡತೆಯ ಷರತ್ತಿನ ಮೇಲೆ 'ಯೋಗ್ಯ ವ್ಯಕ್ತಿ'ಯೊಬ್ಬನ ಪಾಲನೆಗೆ ಒಪ್ಪಿಸಲು ಅವಕಾಶವುಂಟು. ಅಂತಹ ವ್ಯಕ್ತಿಗಳನ್ನು ಒದಗಿಸುವುದು ಮಠಕ್ಕೆ ಅಸಾಧ್ಯವಲ್ಲ. ದಾಸೋಹವೆಂದರೆ ಅನ್ನವೆಂದೇ ತಿಳಿದಿರುವ ನಮಗೆ ಹೊತ್ತಿನ ದಾಸೋಹವು ತುಸು ಕಷ್ಟವೆನಿಸಬಹುದು, ಅಷ್ಟೆ.

ಆದುದರಿಂದ ಪರೀಕ್ಷೆ ಮುಗಿದೊಡನೆ ಪಟ್ಟಣಕ್ಕೆ ಹೊರಡಲಿರುವ ತರುಣರು ದಯಮಾಡಿ ಈ ಕಾರ್ಯಕ್ಕೆ ಹೆಸರು ಕೊಡಬಾರದು. ಬೇಕಾದವರು ದೊಡ್ಡ ಉಪದೇಶಕರಲ್ಲ. ಬಡಗಿಯಾಗಲಿ, ಒಕ್ಕಲುಮಗನಾಗಲಿ, ನಿವೃತ್ತ ಉಪಾಧ್ಯಾಯನಾಗಲಿ, ವಾರಕ್ಕೊಮ್ಮೆ ತಪ್ಪದೆ ಬಂದು ಹುಡುಗನನ್ನು ತನ್ನ ಕೆಲಸದೆಡೆಗೆ ಕರೆದೊಯ್ಯುವವನು ಸಾಕು. ಪೂರ್ತಿ ಒಂದು ವರುಷ ಊರಿನಲ್ಲಿಯೇ ನಿಲ್ಲುವ ಇಂತಹ ಐವರು ದೊರೆತರೆ ಈ ಯುಗಾದಿಗೆ ಐದು ಹುಡುಗರಿಂದಲೇ ಆರಂಭಿಸೋಣ. ಆರನೆಯ ಹುಡುಗನು ಆರನೆಯ ಹಿರಿಯನು ಸಿಕ್ಕುವ ತನಕ ಕಾಯಲಿ.